ಮಕ್ಕಳಿಗೆ ಅರ್ಧ ಲೆಕ್ಕ ಸಾಕೆ?

ನಮ್ಮ ಭಾಗದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಸುವುದು ಈಗ ವಾಡಿಕೆಯಾಗಿದೆ. ಕೆಲವು ಕಡೆ ಮೆಟ್ರಿಕ್ ಮೇಳ ಅಂತಲೂ ಕರೆಯುತ್ತಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಯಾವ ತಾಲ್ಲೂಕಿನ ರೈತರಿಗೂ ಇದು ಹೊಸದಲ್ಲ. ಆವತ್ತು ಬೆಳಿಗ್ಗೆ ಮಗು ತೋಟದ ಕೊತ್ತಂಬರಿ ಕೀಳುತ್ತದೆ, ನುಗ್ಗೆಕಾಯಿ ಕಟ್ಟಿಕೊಳ್ಳುತ್ತದೆ, ಅಮ್ಮನಿಗೆ ಹೇಳಿ ಕಡಲೆಕಾಯಿ ಬೇಯಿಸಿಕೊಳ್ಳುತ್ತದೆ. ಶಾಲೆ ಅಂಗಳದಲ್ಲಿ ಗೋಣಿತಾಟು ಹಾಸಿ ಕೂತು ಗಿರಾಕಿಗಳನ್ನು ಕೂಗುತ್ತದೆ. ಮೇಷ್ಟ್ರು ಕೊಳ್ಳುತ್ತಾರೆ, ಪಂಚಾಯಿತಿ ಮೆಂಬರು ಕೊಳ್ಳುತ್ತಾರೆ, ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಮಕ್ಕಳಿಗೆ ವ್ಯವಹಾರ ಜ್ಞಾನ ಬಂತು ಅಂತ ಎಲ್ಲರಿಗೂ ಸಂತೋಷ.

ಸಂತೋಷ ಪಡಬೇಕಾದ್ದೇ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಕೂಡುವುದು ಕಳೆಯುವುದು ಒಂದು ದಿನವಾದರೂ ತಕ್ಕಡಿ ಹತ್ತಿತಲ್ಲ. ಆದರೆ ಸಂತೆ ಮುಗಿದ ಮೇಲೆ ನಡೆಯುವ ಮಾತುಕತೆಯನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಸಾಮಾನ್ಯವಾಗಿ ಅದು ಹೀಗಿರುತ್ತದೆ:

“ಏನಪ್ಪಾ, ಎಷ್ಟು ಕಟ್ಟು ಸೊಪ್ಪು ತಂದಿದ್ದೆ?”

“ಹತ್ತು ಕಟ್ಟು ಸಾರ್. ಕಟ್ಟಿಗೆ ಹತ್ತು ರೂಪಾಯಿ. ನೂರು ರೂಪಾಯಿ ಬಂತು ಸಾರ್.”

“ಬಂಡವಾಳ ಎಷ್ಟು ಹಾಕಿದ್ದೆ?”

“ಬಂಡವಾಳ ಏನೂ ಇಲ್ಲ ಸಾರ್, ನಮ್ಮ ತೋಟದ್ದೇ.”

“ಹಾಗಾದರೆ ನೂರಕ್ಕೆ ನೂರೂ ಲಾಭ! ಎಲ್ಲರೂ ಚಪ್ಪಾಳೆ ತಟ್ಟಿ.”

ಪಕ್ಕದಲ್ಲೇ ಅಂಗಡಿ ಮನೆಯ ಹುಡುಗಿ ಬಿಸ್ಕತ್ ಪೊಟ್ಟಣ ಮಾರಿರುತ್ತಾಳೆ. 80 ರೂಪಾಯಿಗೆ ತಂದೆ, 100ಕ್ಕೆ ಮಾರಿದೆ, 20 ಲಾಭ ಅಂತ ಬರೆದುಕೊಡುತ್ತಾಳೆ. ಅವಳ ಲೆಕ್ಕ ಸರಿ. ಅವಳ ಅಪ್ಪ ಅಂಗಡಿಯಲ್ಲಿ ಮಾಡುವುದೂ ಅದೇ ಲೆಕ್ಕ. ರೈತನ ಮಗನ ಲೆಕ್ಕ ಮಾತ್ರ ಅರ್ಧ. ಆ ಸೊಪ್ಪಿಗೆ ಬೀಜ ಬಿದ್ದಿತ್ತು, ಗೊಬ್ಬರ ಬಿದ್ದಿತ್ತು. ಸಾವಿರ ಅಡಿ ಕೆಳಗಿನಿಂದ ಎತ್ತಿದ ನೀರು ಹರಿದಿತ್ತು. ಅವ್ವ ಬಗ್ಗಿ ಕಳೆ ಕಿತ್ತಿದ್ದಳು. ಅದ್ಯಾವುದೂ ಲೆಕ್ಕಕ್ಕೆ ಬರಲಿಲ್ಲ. “ನಮ್ಮ ತೋಟದ್ದೇ” ಅನ್ನುವ ಒಂದೇ ಮಾತಿಗೆ ಅಷ್ಟೂ ಸೊನ್ನೆಯಾಯಿತು.

ಇದು ಮಗುವಿನ ತಪ್ಪಲ್ಲ, ಮೇಷ್ಟ್ರ ತಪ್ಪೂ ಅಲ್ಲ. ನಾವು ಮನೆಯಲ್ಲಿ ಮಾಡುವ ಲೆಕ್ಕವೂ ಇಷ್ಟೇ ತಾನೆ? ಗೂಡು ಮಾರಿ ಬಂದ ದುಡ್ಡಿನಲ್ಲಿ ಚಾಕಿ ಹುಳುವಿನ ಬಾಕಿ, ಗೊಬ್ಬರದ ಅಂಗಡಿ ಬಾಕಿ, ಕೂಲಿಯವರ ಬಟವಾಡೆ ಕಳೆದು ಉಳಿದದ್ದನ್ನು ಲಾಭ ಅಂತೀವಿ. ಅದರಲ್ಲಿ ಗಂಡ ಹೆಂಡತಿಯ ಕೂಲಿ ಎಷ್ಟು, ಭೂಮಿಯ ಗುತ್ತಿಗೆ ಎಷ್ಟು, ಕೊಳವೆ ಬಾವಿಯ ಸವಕಳಿ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಅಪ್ಪನಿಗೆ ಬಾರದ ಲೆಕ್ಕ ಮಗನಿಗೆ ಎಲ್ಲಿಂದ ಬರಬೇಕು?

ರೈತ ಬಾಂಧವರೇ, ಶಾಲಾ ಮಕ್ಕಳಿಗೆ ಹಣಕಾಸಿನ ಪಾಠ ಹೇಳಬೇಕು ಅಂತ ಈಗ ಎಲ್ಲ ಕಡೆಯಿಂದ ಕೂಗು ಎದ್ದಿದೆ. ಹೇಳಲಿ. ನಮ್ಮದೇನೂ ಅಡ್ಡಿಯಿಲ್ಲ. ಆದರೆ ಯಾರ ಲೆಕ್ಕ ಹೇಳಿಕೊಡುತ್ತಾರೆ, ಪೂರ್ತಿ ಲೆಕ್ಕವೋ ಅರ್ಧ ಲೆಕ್ಕವೋ ಅಂತ ಕೇಳುವ ಹಕ್ಕು ಮಕ್ಕಳನ್ನು ಕಳಿಸುವ ನಮಗಿದೆ.

ಪಾಠ ಇದೆ, ಹೊಲ ಇಲ್ಲ

ಪಾಠ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ನಮ್ಮ ರಾಜ್ಯದ ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಅಂತ ಪ್ರತ್ಯೇಕ ಭಾಗಗಳೇ ಇವೆ. ಬ್ಯಾಂಕಿನ ವ್ಯವಹಾರ ಇದೆ, ಗ್ರಾಹಕರ ರಕ್ಷಣೆ ಇದೆ. ಗಣಿತದಲ್ಲಿ ಸರಳಬಡ್ಡಿ ಚಕ್ರಬಡ್ಡಿ ಬರುತ್ತದೆ. ರಿಸರ್ವ್ ಬ್ಯಾಂಕು ವರ್ಷಕ್ಕೊಮ್ಮೆ ಹಣಕಾಸು ಸಾಕ್ಷರತಾ ಸಪ್ತಾಹ ಆಚರಿಸುತ್ತದೆ. ರಿಸರ್ವ್ ಬ್ಯಾಂಕು, ಸೆಬಿ ಮುಂತಾದ ಸಂಸ್ಥೆಗಳು ಸೇರಿ ಕಟ್ಟಿದ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರ ಮಕ್ಕಳಿಗಾಗಿಯೇ ಪುಸ್ತಕ ಮಾಡಿದೆ. ಹತ್ತು ವರ್ಷ ತುಂಬಿದ ಮಗು ತಾನೇ ಉಳಿತಾಯ ಖಾತೆ ನಡೆಸಬಹುದು ಅಂತ 2014ರಲ್ಲೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿದೆ.

ಇವೆಲ್ಲ ಒಳ್ಳೆಯದೇ. ಆದರೆ ಇಂಥ ಪಾಠಗಳ ಸಾರ ಹೆಚ್ಚಾಗಿ ಒಂದೇ: ಆಸೆ ಬೇರೆ ಅಗತ್ಯ ಬೇರೆ ಎಂದು ತಿಳಿ, ತಿಂಗಳ ಬಜೆಟ್ ಹಾಕು, ಉಳಿಸು, ವಿಮೆ ಮಾಡು. ತಿಂಗಳಿಗೆ ಇಷ್ಟು ಅಂತ ಸಂಬಳ ಬರುವ ಮನೆಗೆ ಇದು ಹೇಳಿ ಮಾಡಿಸಿದ ಪಾಠ. ನಮ್ಮ ಮನೆಗೆ ದುಡ್ಡು ತಿಂಗಳಿಗೆ ಬರುವುದಿಲ್ಲ, ಬೆಳೆಗೆ ಬರುತ್ತದೆ. ಎಷ್ಟು ಬರುತ್ತದೆ ಅಂತ ಹಿಂದಿನ ರಾತ್ರಿಯವರೆಗೂ ಗೊತ್ತಿರುವುದಿಲ್ಲ. ಕೇಂದ್ರ ಸರ್ಕಾರವೇ 2019ರಲ್ಲಿ ನಡೆಸಿದ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬಗಳ ಸರಾಸರಿ ತಿಂಗಳ ವರಮಾನ 10,218 ರೂಪಾಯಿ. ನೂರರಲ್ಲಿ 50 ಕುಟುಂಬಗಳ ತಲೆ ಮೇಲೆ ಸಾಲ ಇತ್ತು, ಸರಾಸರಿ ಸಾಲ 74,121 ರೂಪಾಯಿ. ಕರ್ನಾಟಕದಲ್ಲಿ ಸಾಲಗಾರ ಕುಟುಂಬಗಳ ಪ್ರಮಾಣ ಇನ್ನೂ ಜಾಸ್ತಿ, ಸುಮಾರು ಮೂರರಲ್ಲಿ ಎರಡು. ಇಂಥ ಮನೆಯ ಮಗುವಿಗೆ ‘ಉಳಿಸು’ ಅಂತ ಮಾತ್ರ ಹೇಳಿಕೊಟ್ಟರೆ ಅದು ಏನು ತಿಳಿದುಕೊಳ್ಳುತ್ತದೆ? ನಮ್ಮಪ್ಪ ಉಳಿಸಲಿಲ್ಲ, ಅದಕ್ಕೇ ಸಾಲ ಆಯಿತು ಅಂತ ತಿಳಿದುಕೊಳ್ಳುತ್ತದೆ. ಅಪ್ಪ ಬೀಡಿ ಬಿಟ್ಟಿದ್ದರೆ, ಅಕ್ಕನ ಮದುವೆ ಸರಳವಾಗಿ ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ತಿಳಿದುಕೊಳ್ಳುತ್ತದೆ. ಮದುವೆ ಸರಳವಾಗಿಯೇ ಆಗಬೇಕು, ಅದು ಬೇರೆ ಮಾತು. ಆದರೆ ಲಾಗೋಡು ಹುಟ್ಟದ ಬೆಲೆಗೆ ಮಾಲು ಮಾರುವವನು ಬೀಡಿ ಬಿಟ್ಟು ಎಷ್ಟು ಉಳಿಸಿಯಾನು?

ಹಾಗಾದರೆ ಏನು ಕಲಿಸಬೇಕು? ಮೂರು ಪಾಠ ಸಾಕು ಅಂತ ನಮ್ಮ ಅಭಿಪ್ರಾಯ. ಲಾಗೋಡಿನ ಪಾಠ, ಬೆಲೆಯ ಪಾಠ, ಬಡ್ಡಿಯ ಪಾಠ.

ಮೊದಲನೆಯದು: ಲಾಗೋಡು

ಶಿಡ್ಲಘಟ್ಟದ ಕಡೆಯ ಮಗುವಿಗೆ ಅಂಗಡಿಯ ಲಾಭ ನಷ್ಟದ ಲೆಕ್ಕ ಯಾಕೆ? ಮನೆಯ ಹುಳುವಿನ ಲೆಕ್ಕ ಕೊಡಿ. ಇಲ್ಲಿ ಹಾಕಿರುವ ಅಂಕಿಗಳು ಲೆಕ್ಕ ಕಲಿಯಲಿಕ್ಕೆ ಮಾತ್ರ, ನಿಮ್ಮ ಮನೆಯ ಅಂಕಿ ಹಾಕಿಕೊಂಡು ನೋಡಿ. 200 ಮೊಟ್ಟೆ ಹುಳು ಮೇಯಿಸಿ 140 ಕೆ.ಜಿ. ಗೂಡು ಬಂತು, ಕೆ.ಜಿ.ಗೆ 450 ರೂಪಾಯಿಯಂತೆ ಹರಾಜಾಯಿತು ಅಂತ ಇಟ್ಟುಕೊಳ್ಳಿ. 63,000 ರೂಪಾಯಿ ಬಂತು. ಚಾಕಿ ಹುಳುವಿಗೆ 8,000, ಗೊಬ್ಬರ ಔಷಧಿ ಸುಣ್ಣಕ್ಕೆ 6,000, ಆಳುಗಳಿಗೆ 12,000, ಸಾಗಾಣಿಕೆ ಇತ್ಯಾದಿಗೆ 2,000. ಒಟ್ಟು ಕೈಬಿಟ್ಟ ದುಡ್ಡು 28,000. ಉಳಿದದ್ದು 35,000. ಮಕ್ಕಳ ಸಂತೆಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ.

ಮುಂದಕ್ಕೆ ಹೋಗೋಣ. ಗಂಡ ಹೆಂಡತಿ ಇಬ್ಬರೂ 25 ದಿನ ಹುಳುವಿನ ಮನೆಯಲ್ಲಿ ದುಡಿದಿದ್ದಾರೆ. ಜ್ವರ ಎದ್ದ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಕೊಡಬೇಕು, ರಾತ್ರಿ ನಿದ್ದೆ ಇಲ್ಲ. ಅವರೇ ಬೇರೆಯವರ ಹತ್ತಿರ ಕೂಲಿಗೆ ಹೋಗಿದ್ದರೆ ದಿನಕ್ಕೆ 450 ಸಿಗುತ್ತಿತ್ತು ಅಂದುಕೊಂಡರೆ ಇಬ್ಬರ ಕೂಲಿ 22,500. ಹೆಂಡತಿಯ ಕೂಲಿಯನ್ನು ಕಡಿಮೆ ಹಿಡಿಯಬೇಡಿ, ಹುಳುವಿನ ಮನೆಯಲ್ಲಿ ಅವಳ ಕೆಲಸವೇ ಜಾಸ್ತಿ. ಈಗ ಉಳಿದದ್ದು 12,500.

ಇನ್ನು ಕೊಳವೆ ಬಾವಿ. ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಮೂರೂ ನಂದಿ ಬೆಟ್ಟದ ಸುತ್ತಮುತ್ತಲೇ ಹುಟ್ಟುತ್ತವೆ ಅಂತ ಭೂಗೋಳದ ಮೇಷ್ಟ್ರು ಹೇಳಿಕೊಡುತ್ತಾರೆ. ನದಿ ಹುಟ್ಟುವ ನಾಡಿನ ರೈತ ನೀರಿಗೆ ಸಾವಿರ, ಸಾವಿರದ ಇನ್ನೂರು ಅಡಿ ಕೊರೆಯುತ್ತಾನೆ. ಕೊರೆಯಲು, ಕೇಸಿಂಗ್ ಪೈಪಿಗೆ, ಮೋಟರಿಗೆ ಸೇರಿ 5 ಲಕ್ಷವಾಯಿತು, ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ತಂದದ್ದು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಬಡ್ಡಿ 1 ಲಕ್ಷದ 20 ಸಾವಿರ. ಐದು ವರ್ಷ ನೀರು ನಿಂತರೆ ವರ್ಷಕ್ಕೆ ಸವಕಳಿ 1 ಲಕ್ಷ. ಎರಡೂ ಸೇರಿ 2 ಲಕ್ಷದ 20 ಸಾವಿರ. ವರ್ಷಕ್ಕೆ ಹತ್ತು ಬೆಳೆ ತೆಗೆದರೂ ಒಂದೊಂದು ಬೆಳೆಯ ಮೇಲೆ 22,000. ಉಳಿದಿದ್ದ 12,500ರಲ್ಲಿ ಇದನ್ನು ಕಳೆಯಿರಿ. 9,500 ರೂಪಾಯಿ ನಷ್ಟ. ಭೂಮಿಯ ಗುತ್ತಿಗೆ ಇನ್ನೂ ಹಾಕಿಲ್ಲ. ಬತ್ತಿಹೋದ ಹಿಂದಿನ ಎರಡು ಬಾವಿಗಳ ಖರ್ಚನ್ನೂ ಹಾಕಿಲ್ಲ.

35,000 ಲಾಭ ಅಂತ ಚಪ್ಪಾಳೆ ತಟ್ಟಿಸಿಕೊಂಡವನು 9,500 ನಷ್ಟದಲ್ಲಿದ್ದಾನೆ. ಕೈಯಲ್ಲಿ ದುಡ್ಡು ಆಡುತ್ತಿದ್ದರೂ ವರ್ಷ ವರ್ಷ ಸಾಲ ಯಾಕೆ ಬೆಳೆಯುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ಲೆಕ್ಕಕ್ಕೆ ಎಂಟನೇ ಕ್ಲಾಸಿನ ಗಣಿತಕ್ಕಿಂತ ಹೆಚ್ಚಿನದು ಏನೂ ಬೇಕಿಲ್ಲ.

ದೆಹಲಿಯ ದೊಡ್ಡ ಆಫೀಸುಗಳಲ್ಲಿ ನಡೆಯುತ್ತಿರುವ ಜಗಳವೂ ಇದೇ ಲೆಕ್ಕದ್ದು ಅಂತ ಮಗುವಿಗೆ ಆಗ ಹೇಳಬಹುದು. ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗ 2006ರಲ್ಲಿ ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಅರ್ಧದಷ್ಟು ಸೇರಿಸಿ ಬೆಂಬಲ ಬೆಲೆ ಕೊಡಿ ಅಂದಿತು. 2018ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ವೆಚ್ಚದ ಒಂದೂವರೆ ಪಟ್ಟು ಕೊಡುತ್ತೇವೆ ಅಂತ ಘೋಷಿಸಿತು. ಆದರೆ ಯಾವ ವೆಚ್ಚ? ಕೈಬಿಟ್ಟ ದುಡ್ಡು, ಮನೆಯವರ ಕೂಲಿ ಇಷ್ಟನ್ನೇ ಹಿಡಿದ ವೆಚ್ಚ. ಸ್ವಂತ ಭೂಮಿಯ ಗುತ್ತಿಗೆ, ಸ್ವಂತ ಬಂಡವಾಳದ ಬಡ್ಡಿ ಅದರಲ್ಲಿಲ್ಲ. ರೈತ ಸಂಘಟನೆಗಳು ಪೂರ್ತಿ ವೆಚ್ಚ ಹಿಡಿಯಿರಿ ಅನ್ನುತ್ತಿವೆ. ಅದೂ ರಾಗಿ, ಜೋಳ, ಕಡಲೆಕಾಯಿಯಂಥ ಬೆಳೆಗಳ ಮಾತು. ಟೊಮ್ಯಾಟೊ, ಹೂವು, ದ್ರಾಕ್ಷಿ, ಗೂಡು ಕೇಂದ್ರದ ಆ ಪಟ್ಟಿಯಲ್ಲೇ ಇಲ್ಲ. ವೈಜ್ಞಾನಿಕ ಬೆಲೆ ಅನ್ನುವ ಮಾತನ್ನು ಭಾಷಣದಲ್ಲಿ ಕೇಳಿ ಕೈ ಎತ್ತುವುದು ಬೇರೆ, ಆ ಬೆಲೆಯನ್ನು ಕಾಗದದ ಮೇಲೆ ತಾನೇ ಹಾಕಿ ತೋರಿಸುವುದು ಬೇರೆ. ಎರಡನೆಯದು ನಮ್ಮ ಮಕ್ಕಳಿಂದ ಆಗಬೇಕು.

ಎರಡನೆಯದು: ಬೆಲೆ ಯಾರು ಕಟ್ಟುತ್ತಾರೆ?

ಮಕ್ಕಳ ಸಂತೆಯಲ್ಲಿ ಇನ್ನೊಂದು ತಮಾಷೆ ಇದೆ. ಅಲ್ಲಿ ಮಾಲಿಗೆ ಬೆಲೆ ಕಟ್ಟುವುದು ಮಗು. ಕಟ್ಟಿಗೆ ಹತ್ತು ರೂಪಾಯಿ ಅಂತ ಮಗು ಹೇಳುತ್ತದೆ, ಮೇಷ್ಟ್ರು ಕೊಡುತ್ತಾರೆ. ಅದೇ ಮಗು ನಾಳೆ ಬೆಳೆಗಾರನಾಗಿ ಮಂಡಿಗೆ ಹೋದರೆ ಬೆಲೆ ಹೇಳುವವರು ಎದುರಿಗೆ ನಿಂತವರು. ಸಂತೆಯಲ್ಲಿ ಕಲಿತದ್ದು ಮಂಡಿಯಲ್ಲಿ ತಲೆಕೆಳಗು.

ಆದ್ದರಿಂದ ಮಕ್ಕಳನ್ನು ಒಂದು ದಿನ ನಿಜವಾದ ಮಾರುಕಟ್ಟೆಗೆ ಕರೆದುಕೊಂಡು ಹೋಗಬೇಕು. ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. 1959ರ ರೇಷ್ಮೆ ಕಾಯ್ದೆ ಯಾಕೆ ಬಂತು, ಗೂಡು ಮಾರುಕಟ್ಟೆಯೊಳಗೆ ಬಹಿರಂಗ ಹರಾಜಿನಲ್ಲೇ ಮಾರಾಟವಾಗಬೇಕು ಅಂತ ಯಾಕೆ ಮಾಡಿದರು, ರೀಲರು ಒಬ್ಬನೇ ಬಂದರೆ ಏನಾಗುತ್ತದೆ, ನೂರು ಜನ ಬಂದರೆ ಏನಾಗುತ್ತದೆ ಅಂತ ಜಾಲರಿ ಪಕ್ಕ ನಿಂತು ನೋಡಲಿ. ಪೈಪೋಟಿ ಅನ್ನುವ ಪದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಚಿಂತಾಮಣಿಯ ಮಕ್ಕಳು ಟೊಮ್ಯಾಟೊ ಮಂಡಿಗೆ ಹೋಗಲಿ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯ ಪ್ರಕಾರ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಬೆಳೆದವನಲ್ಲ. ಅಪ್ಪನ ಬಿಳಿಚೀಟಿಯಲ್ಲಿ ಏನೇನು ಮುರಿದುಕೊಂಡಿದ್ದಾರೆ ಅಂತ ಮಗುವೇ ಓದಿ ನೋಡಲಿ.

ಬೆಲೆ ಹತ್ತುವುದು ಇಳಿಯುವುದು ಹಣೆಬರಹ ಅಂತ ನಮ್ಮಲ್ಲಿ ಒಂದು ಮಾತಿದೆ. ಹಾಗಲ್ಲ ಅಂತ ತೋರಿಸಲು ಎರಡು ಉದಾಹರಣೆ ಸಾಕು. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸು 2,000 ರೂಪಾಯಿ ದಾಟಿತು. ಆ ಬೆಲೆ ನೋಡಿ ಎಲ್ಲೆಲ್ಲೂ ನಾಟಿ ಬಿತ್ತು. ಸೆಪ್ಟೆಂಬರ್ ಹೊತ್ತಿಗೆ ಮಾಲು ಒಟ್ಟಿಗೆ ಬಂತು, ಬೆಲೆ ನೆಲ ಕಚ್ಚಿತು. ಇವತ್ತಿನ ಬೆಲೆ ನೋಡಿ ನಾಟಿ ಹಾಕಿದವನು ಎರಡು ಮೂರು ತಿಂಗಳ ಆಚೆಯ ಬೆಲೆಗೆ ಮಾರುತ್ತಾನೆ ಅನ್ನುವ ಸತ್ಯ ಹತ್ತನೇ ಕ್ಲಾಸಿನ ಹುಡುಗನಿಗೆ ಗೊತ್ತಿರಬೇಕು. ಎರಡನೆಯದು, 2011ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿತು. ಇಲ್ಲಿ ಗೂಡಿನ ಬೆಲೆ ಕುಸಿಯಿತು. ದೆಹಲಿಯಲ್ಲಿ ಒಂದು ಅಂಕಿ ಬದಲಾದರೆ ನಮ್ಮ ಚಂದ್ರಿಕೆಯ ಮೇಲಿನ ಗೂಡು ಅಗ್ಗವಾಗುತ್ತದೆ. ಅರ್ಥಶಾಸ್ತ್ರ ಅಂದರೆ ಇದೇ ಅಲ್ಲವೇ?

ಮೂರನೆಯದು: ಬಡ್ಡಿ

ನಮ್ಮ ಕಡೆ ‘ಮೂರು ರೂಪಾಯಿ ಬಡ್ಡಿ’ ಅಂತೀವಿ. ಬ್ಯಾಂಕಿನವರು ‘ಹನ್ನೆರಡು ಪರ್ಸೆಂಟು’ ಅಂತಾರೆ. ಕೇಳಿದವರಿಗೆ ಮೂರು ಚಿಕ್ಕದು, ಹನ್ನೆರಡು ದೊಡ್ಡದು. ಮೂರು ರೂಪಾಯಿ ತಿಂಗಳಿಗೆ, ಹನ್ನೆರಡು ವರ್ಷಕ್ಕೆ. ಮೂರು ರೂಪಾಯಿ ಅಂದರೆ ವರ್ಷಕ್ಕೆ 36. ಲೈಸೆನ್ಸ್ ಪಡೆದ ಲೇವಾದೇವಿದಾರನೂ ಅಡಮಾನ ಇದ್ದರೆ ವರ್ಷಕ್ಕೆ 14, ಇಲ್ಲದಿದ್ದರೆ 16ಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ ಅಂತ ನಮ್ಮ ರಾಜ್ಯದಲ್ಲಿ ಮಿತಿ ಇದೆ. ಇದು ಎಷ್ಟು ಮನೆಗಳಿಗೆ ಗೊತ್ತು?

ಪ್ರೋನೋಟಿಗೆ ಮೂರು ವರ್ಷದ ವಾಯಿದೆ. ಅದರೊಳಗೆ ಬಡ್ಡಿ ಸೇರಿಸಿ ನೋಟು ತಿರುವಿ ಬರೆಸಿಕೊಳ್ಳುತ್ತಾರೆ. ಸರಳಬಡ್ಡಿ ಚಕ್ರಬಡ್ಡಿಯಾಗುವುದು ಅಲ್ಲೇ. ಒಂದು ಲಕ್ಷ ಸಾಲವನ್ನು ಮೂರು ರೂಪಾಯಿ ಬಡ್ಡಿಯಲ್ಲಿ ವರ್ಷ ವರ್ಷ ತಿರುವಿ ಬರೆಸಿದರೆ ಮೊದಲ ವರ್ಷಕ್ಕೆ 1,36,000, ಎರಡನೇ ವರ್ಷಕ್ಕೆ 1,84,960, ಮೂರನೇ ವರ್ಷಕ್ಕೆ ಎರಡೂವರೆ ಲಕ್ಷ ದಾಟುತ್ತದೆ. ಪುಸ್ತಕದಲ್ಲಿರುವ ಚಕ್ರಬಡ್ಡಿ ಸೂತ್ರ ಮಗುವಿಗೆ ಬರುತ್ತದೆ. ಆ ಸೂತ್ರ ಊರಿನ ಯಾವ ಕಟ್ಟೆಯ ಮೇಲೆ ಕೂತಿದೆ ಅಂತ ಯಾರೂ ತೋರಿಸಿಲ್ಲ.

ಮೀಟರ್ ಬಡ್ಡಿಯ ಲೆಕ್ಕವನ್ನೂ ಹಾಕಿಸಿ. 10,000 ಸಾಲ ಅಂತ ಬರೆಸಿಕೊಂಡು 1,000 ಮುರಿದು 9,000 ಕೈಗೆ ಕೊಡುತ್ತಾರೆ. ದಿನಕ್ಕೆ 100ರಂತೆ ನೂರು ದಿನ ಕಟ್ಟಬೇಕು. ಸಾವಿರ ರೂಪಾಯಿ ತಾನೆ ಅನ್ನಿಸುತ್ತದೆ. ದಿನ ದಿನ ಅಸಲು ಕರಗುತ್ತಿರುವುದನ್ನು ಹಿಡಿದು ಲೆಕ್ಕ ಹಾಕಿದರೆ ವರ್ಷಕ್ಕೆ ನೂರಕ್ಕೆ 75ಕ್ಕೂ ಮೇಲೆ ಬೀಳುತ್ತದೆ. ಸಂಘದ ಸಾಲ, ಮೈಕ್ರೋ ಫೈನಾನ್ಸ್ ಸಾಲದಲ್ಲೂ ನೋಡಿಕೊಳ್ಳಬೇಕಾದ್ದು ಇದೆ. 10,000 ಸಾಲಕ್ಕೆ ‘ಬರೀ 12’ ಅಂತ ಹೇಳಿ ಮೊದಲೇ 1,200 ಬಡ್ಡಿ ಸೇರಿಸಿ ಹನ್ನೆರಡು ಕಂತು ಮಾಡಿದರೆ ನಿಜವಾದ ಬಡ್ಡಿ 21ರ ಮೇಲೆ. ಯಾಕೆಂದರೆ ಆರು ಕಂತು ಕಟ್ಟಿದ ಮೇಲೂ ಹತ್ತು ಸಾವಿರಕ್ಕೇ ಬಡ್ಡಿ ಕೊಡುತ್ತಿರುತ್ತೀರಿ. ಇದನ್ನು ಮುಚ್ಚಿಡಬಾರದು ಅಂತಲೇ 2022ರ ಮೈಕ್ರೋ ಫೈನಾನ್ಸ್ ನಿಯಮಗಳಲ್ಲಿ ರಿಸರ್ವ್ ಬ್ಯಾಂಕು ವರ್ಷದ ನಿಜವಾದ ದರವನ್ನು ಬರೆದುಕೊಡಬೇಕು, ಸಾಲದ ಕಾರ್ಡು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು, ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ ಸಂಜೆ 6ರ ನಂತರ ಕಾಡಬಾರದು ಅಂತ ಹಾಕಿದೆ. 2025ರ ಫೆಬ್ರವರಿಯಲ್ಲಿ ಕಿರುಕುಳದ ವಸೂಲಿ ತಡೆಯಲು ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು, ಹತ್ತು ವರ್ಷದವರೆಗೆ ಜೈಲು ಅಂತ ಬರೆಯಬೇಕಾಯಿತು. ಕಾನೂನು ಬಂತು. ಕಾರ್ಡು ಓದುವವರು ಬೇಕಲ್ಲ?

ಇದರ ಎದುರಿಗೆ ಸಹಕಾರ ಸಂಘದ ಸಾಲ ಇಟ್ಟು ನೋಡಿ. 2023ರಿಂದ ಕರ್ನಾಟಕದಲ್ಲಿ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ, ವಾಯಿದೆ ಮೀರದೆ ಕಟ್ಟಿದರೆ. ಕಿಸಾನ್ ಕಾರ್ಡಿನ ಬೆಳೆಸಾಲಕ್ಕೆ ಬಡ್ಡಿ 7, ವಾಯಿದೆಯೊಳಗೆ ಕಟ್ಟಿದರೆ 3 ವಾಪಸ್ಸು, ಅಂದರೆ 4. ಸೊನ್ನೆಯ ಸಾಲ, ನಾಲ್ಕರ ಸಾಲ, ಮೂವತ್ತಾರರ ಸಾಲ, ಎಪ್ಪತ್ತೈದರ ಸಾಲ ಒಂದೇ ಊರಿನಲ್ಲಿ ಅಕ್ಕಪಕ್ಕ ಇವೆ. ರೈತ ಮೂವತ್ತಾರರ ಬಾಗಿಲಿಗೆ ಹೋಗುವುದು ಬುದ್ಧಿ ಇಲ್ಲದೆ ಅಲ್ಲ. ಸೊನ್ನೆಯ ಬಾಗಿಲು ಎಷ್ಟೋ ಸಲ ಮುಚ್ಚಿರುತ್ತದೆ, ಕಾಗದ ಪತ್ರ ಕೇಳುತ್ತದೆ, ಬೀಜ ಹಾಕುವ ಹೊತ್ತಿಗೆ ದುಡ್ಡು ಕೊಡುವುದಿಲ್ಲ. ಈ ಮಾತನ್ನೂ ಪಾಠದಲ್ಲಿ ಹೇಳಬೇಕು. ಪಹಣಿ ಓದಲು ಕಲಿತ ಮಗು 11ನೇ ಕಾಲಂ ನೋಡಿ ನಮ್ಮ ಜಮೀನಿನ ಮೇಲೆ ಯಾವ ಸಾಲ ಕೂತಿದೆ, ತೀರಿಸಿದ ಸಾಲ ತೆಗೆದುಹಾಕಿದ್ದಾರೋ ಇಲ್ಲವೋ ಅಂತ ಹೇಳಬಲ್ಲದು. ನಮ್ಮಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆ ಕನ್ನಡ, ಬ್ಯಾಂಕಿನ ಕಾಗದ ಇಂಗ್ಲಿಷು. ಈ ಮೂರನ್ನೂ ಕೂಡಿಸಬಲ್ಲ ಒಬ್ಬನೇ ಮನುಷ್ಯ ಆ ಮನೆಯಲ್ಲಿ ಶಾಲೆಗೆ ಹೋಗುವ ಮಗು.

ಆಕ್ಷೇಪಣೆಗಳು

ಮನೆಯ ಕಷ್ಟ ಮಕ್ಕಳಿಗೆ ಯಾಕೆ, ಅವು ಓದಿಕೊಂಡಿರಲಿ ಅಂತ ಹಲವರು ಹೇಳುತ್ತಾರೆ. ಈ ಮಾತಿನಲ್ಲಿ ಪ್ರೀತಿ ಇದೆ, ಅಲ್ಲಗಳೆಯುವುದಿಲ್ಲ. ನಾವೂ ಅಪ್ಪನ ಸಾಲ ಎಷ್ಟು ಅಂತ ಮಗು ತರಗತಿಯಲ್ಲಿ ಎದ್ದು ನಿಂತು ಹೇಳಲಿ ಅನ್ನುತ್ತಿಲ್ಲ. ಅದು ಕೂಡದು, ಯಾರ ಮನೆಯ ಗುಟ್ಟೂ ಹೊರಗೆ ಬೀಳಬಾರದು. ಲೆಕ್ಕ ಕಲಿಸುವುದು ಶಾಲೆಯಲ್ಲಿ, ಮನೆಯ ಅಂಕಿ ಮನೆಯಲ್ಲೇ. ಆದರೆ ಸಾಲವನ್ನು ಹೆಂಡತಿ ಮಕ್ಕಳಿಂದ ಮುಚ್ಚಿಟ್ಟು ಏನು ಸಾಧಿಸಿದ್ದೇವೆ? ಮನೆಯ ಯಜಮಾನ ಒಬ್ಬನೇ ನುಂಗಿಕೊಂಡ ಸಾಲ ಅವನನ್ನೇ ನುಂಗಿದ ಮನೆಗಳು ನಮ್ಮ ಕಣ್ಣ ಮುಂದಿವೆ. ಸಾವಿನ ಮನೆಯಲ್ಲಿ ಕಾಗದಗಳನ್ನು ಬಿಚ್ಚಿ ನೋಡಿದಾಗಲೇ ಎಷ್ಟೋ ಹೆಂಗಸರಿಗೆ ಸಾಲ ಎಷ್ಟು, ಯಾರಿಗೆ ಅಂತ ತಿಳಿಯುವುದು. ಸಾಲ ಅವಮಾನ ಅಂತ ತಿಳಿದಿರುವವರೆಗೂ ಮುಚ್ಚುತ್ತೇವೆ. ಅದು ಒಂದು ಲೆಕ್ಕ, ಆ ಲೆಕ್ಕದಲ್ಲಿ ಬೆಲೆಯದೂ ಪಾಲಿದೆ, ಬಡ್ಡಿಯದೂ ಪಾಲಿದೆ ಅಂತ ಗೊತ್ತಾದ ದಿನ ಮನೆಯವರೆಲ್ಲ ಕೂತು ಮಾತಾಡಬಹುದು. ಮುಚ್ಚಿಟ್ಟರೂ ಮಗು ಸುಮ್ಮನೆ ಇರುವುದಿಲ್ಲ. ಕೈಯಲ್ಲಿ ಮೊಬೈಲು ಇದೆ. ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್ ಅದರಲ್ಲಿದೆ. ಆ ಬಡ್ಡಿಯ ಲೆಕ್ಕ ಅವನಿಗೆ ಯಾರು ಹೇಳಿಕೊಡಬೇಕು?

ಇನ್ನೊಂದು ಆಕ್ಷೇಪಣೆ ನಮ್ಮವರದೇ. ಬೆಲೆ ಕೊಡದೆ ಲೆಕ್ಕ ಕಲಿಸುವುದು ಕಣ್ಣೊರೆಸುವ ತಂತ್ರ, ತಪ್ಪನ್ನು ರೈತನ ತಲೆಗೆ ಕಟ್ಟುವ ಉಪಾಯ ಅಂತಾರೆ. ಬರೀ ಉಳಿತಾಯದ ಪಾಠವಾದರೆ ಈ ಮಾತು ನೂರಕ್ಕೆ ನೂರು ನಿಜ. ಲೆಕ್ಕ ಕಲಿತ ಮಾತ್ರಕ್ಕೆ ಟೊಮ್ಯಾಟೊ ಬೆಲೆ ಏರುವುದಿಲ್ಲ, ಬತ್ತಿದ ಬಾವಿಯಲ್ಲಿ ನೀರು ಬರುವುದಿಲ್ಲ. ಆದರೆ ಪೂರ್ತಿ ಲೆಕ್ಕ ಕಲಿತವನು ತಪ್ಪನ್ನು ತಲೆಗೆ ಕಟ್ಟಿಸಿಕೊಳ್ಳುವುದಿಲ್ಲ. ಕಲಿಯದವನ ತಲೆಗೆ ಕಟ್ಟುವುದೇ ಸುಲಭ. ಬೆಲೆಗಾಗಿ ಹೋರಾಟವೂ ನಡೆಯಲಿ, ಲೆಕ್ಕದ ಪಾಠವೂ ನಡೆಯಲಿ. ಅಧಿಕಾರಿಯ ಮೇಜಿನ ಮೇಲೆ ಮನವಿ ಪತ್ರದ ಜೊತೆ ಊರಿನ ಲಾಗೋಡಿನ ಪಟ್ಟಿಯೂ ಬಿದ್ದರೆ ಅವನ ಉತ್ತರ ಬೇರೆಯಾಗುತ್ತದೆ.

ಏನು ಮಾಡಬೇಕು?

ಸರ್ಕಾರದ ಸುತ್ತೋಲೆಗೆ ಕಾಯಬೇಕಿಲ್ಲ. ಪ್ರತಿ ಸರ್ಕಾರಿ ಶಾಲೆಗೂ ಎಸ್.ಡಿ.ಎಂ.ಸಿ. ಇದೆ, ಅದರಲ್ಲಿ ಕೂರುವವರು ನಾವೇ, ಮಕ್ಕಳ ತಂದೆ ತಾಯಂದಿರು. ಮುಂದಿನ ಸಭೆಯಲ್ಲಿ ನಾಲ್ಕು ಮಾತು ಇಡಿ. ಒಂದು, ಮಕ್ಕಳ ಸಂತೆಯಲ್ಲಿ ಪ್ರತಿ ಮಗುವೂ ಮಾಲಿನ ಪೂರ್ತಿ ಲಾಗೋಡು ಬರೆದು ತರಬೇಕು. “ನಮ್ಮ ತೋಟದ್ದೇ” ಅಂತ ಬರೆದರೆ ಮಾರ್ಕು ಇಲ್ಲ. ಎರಡು, ವರ್ಷಕ್ಕೆ ಒಂದು ಸಲವಾದರೂ ಏಳರಿಂದ ಹತ್ತನೇ ಕ್ಲಾಸಿನ ಮಕ್ಕಳು ಗೂಡಿನ ಮಾರುಕಟ್ಟೆ, ತರಕಾರಿ ಮಂಡಿ, ಸೊಸೈಟಿ ನೋಡಿ ಬರಬೇಕು. ಟ್ರ್ಯಾಕ್ಟರು, ಟೆಂಪೊ ನಮ್ಮಲ್ಲೇ ಇವೆ. ಮೂರು, ಬಡ್ಡಿ ಲೆಕ್ಕ ಹಾಕಿಸುವಾಗ ಪುಸ್ತಕದ ಉದಾಹರಣೆಯ ಜೊತೆಗೆ ಮೂರು ರೂಪಾಯಿ ಬಡ್ಡಿ, ಕಂತಿನ ಬಡ್ಡಿಯ ಲೆಕ್ಕವನ್ನೂ ಹಾಕಿಸಬೇಕು. ನಾಲ್ಕು, ಪಹಣಿ, ಪಾಸ್ ಪುಸ್ತಕ, ಸಾಲದ ಕಾರ್ಡು, ವಿಮೆಯ ರಸೀದಿ, ಮಂಡಿಯ ಬಿಲ್ಲು ಇವುಗಳ ಖಾಲಿ ಮಾದರಿ ಇಟ್ಟುಕೊಂಡು ಓದಿಸಬೇಕು. ಊರಿನಲ್ಲಿ ಲೆಕ್ಕ ಗೊತ್ತಿರುವ ರೈತರು, ನಿವೃತ್ತ ಮೇಷ್ಟ್ರು, ಸೊಸೈಟಿ ಕಾರ್ಯದರ್ಶಿ ಒಂದೊಂದು ಗಂಟೆ ಕೊಟ್ಟರೆ ಆಯಿತು. ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಆ ಮಕ್ಕಳೇ ಊರಿನ ಒಂದು ಬೆಳೆಯ ಲಾಗೋಡು ಓದಿ ಹೇಳಲಿ, ದೊಡ್ಡವರು ಕೂತು ಕೇಳಲಿ.

ದೇಶದ ಆರ್ಥಿಕತೆಯನ್ನು ಯೋಜನೆ ಹಾಕಿ ನಡೆಸಬೇಕು ಅಂತ 1934ರಲ್ಲೇ ಪುಸ್ತಕ ಬರೆದ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಅಂತ ಜೀವಮಾನವೆಲ್ಲ ವಿದ್ಯಾರ್ಥಿಗಳಿಗೆ ಹೇಳಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದ ಬಡವರ ಮನೆಯ ಹುಡುಗ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಒಬ್ಬರದು ಲೆಕ್ಕ, ಒಬ್ಬರದು ಪ್ರಶ್ನೆ. ಇಬ್ಬರ ಫೋಟೋಗೂ ನಮ್ಮ ಶಾಲೆಗಳಲ್ಲಿ ಹಾರ ಹಾಕುತ್ತೇವೆ. ಹಾರದ ಜೊತೆ ಅವರ ಕೆಲಸವನ್ನೂ ಮುಂದುವರಿಸಬೇಡವೇ?

ಈ ಸಲ ನಿಮ್ಮೂರಿನ ಶಾಲೆಯಲ್ಲಿ ಸಂತೆ ನಡೆದಾಗ ಹೋಗಿ. ಸೊಪ್ಪು ಕೊಳ್ಳಿ, ಕೇಳಿದಷ್ಟು ದುಡ್ಡು ಕೊಡಿ. ಆಮೇಲೆ ಆ ಮಗುವಿನ ಪಕ್ಕ ಕೂತು, ಅವರ ಅವ್ವ ಕಳೆ ಕಿತ್ತದ್ದು ಎಷ್ಟು ದಿನ ಅಂತ ಕೇಳಿ ಬರೆಸಿ. ಕೆಲಸ ಅಲ್ಲಿಂದ ಶುರುವಾಗಲಿ.